ಮಣಿಪಾಲದ ಮಣ್ಣಪಳ್ಳ: ನೀರಿನ ಅಂಚಿನಲ್ಲಿ ಒಂದು ಸುತ್ತು

ಉಡುಪಿ–ಮಣಿಪಾಲದ ಆಸುಪಾಸಿನಲ್ಲಿ ನಡೆದಾಡಲು ಒಳ್ಳೆಯ ಜಾಗ ಯಾವುದೆಂದು ಕೇಳುವವರಿಗೆ ನಾನು ಮೊದಲು ಸೂಚಿಸುವುದು ಮಣ್ಣಪಳ್ಳ ಕೆರೆಯನ್ನು. ಕಡಲ ಗಾಳಿ ಬೇಕಾದವರಿಗೆ ಮಲ್ಪೆ ಇದೆ, ಎತ್ತರದಿಂದ ಸ್ವರ್ಣಾ ನದಿಯ ತಿರುವುಗಳನ್ನು ನೋಡಬಯಸುವವರಿಗೆ ಎಂಡ್ ಪಾಯಿಂಟ್ ಇದೆ. ಆದರೆ ವಾಹನಗಳ ಕಾಟವಿಲ್ಲದೆ, ನೀರನ್ನು ಕಣ್ಣಿನಿಂದ ಮರೆಯಾಗಲು ಬಿಡದೆ, ಹೊರಟ ಜಾಗಕ್ಕೇ ಬಂದು ಸೇರುವಂತೆ ನಡೆಯಬೇಕಾದರೆ ಈ ಕೆರೆಯಷ್ಟು ಅನುಕೂಲದ ಸ್ಥಳ ಊರೊಳಗೆ ನನಗೆ ಬೇರೆ ಕಂಡಿಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಸಿಟಿ ಬಸ್ಸುಗಳಿಗೆ ಕೊರತೆಯಿಲ್ಲ. ಟೈಗರ್ ಸರ್ಕಲ್‌ನಲ್ಲಿ ಇಳಿದರೆ ಅಲ್ಲಿಂದ ರಿಕ್ಷಾ ಹಿಡಿಯಬಹುದು.

ಈ ನಡಿಗೆಗೆ ಅತ್ಯಂತ ಪ್ರಶಸ್ತವಾದ ಕಾಲ ಮಳೆ ಹಿಂದೆ ಸರಿದ ಮೇಲಿನ ಎರಡು ಮೂರು ತಿಂಗಳು. ತುಳುವರ ಮಳೆಗಾಲದ ತಿಂಗಳುಗಳಾದ ಆಟಿ, ಸೋಣಗಳ ಮಳೆಯಲ್ಲಿ ತುಂಬಿಕೊಂಡ ಕೆಸರು ಬಣ್ಣದ ನೀರು ಆ ಹೊತ್ತಿಗೆ ತಿಳಿಯಾಗಿ, ದಂಡೆಯ ಹುಲ್ಲು ಇನ್ನೂ ಹಸಿರಾಗಿಯೇ ಇರುತ್ತದೆ. ಬಿಸಿಲೇರುವ ಮೊದಲೇ ಹೋದವರಿಗೆ ಹಕ್ಕಿಗಳ ಓಡಾಟವೂ ಕಾಣಸಿಗುತ್ತದೆ. ಮುಳುಗಿ ಮೀನು ಹಿಡಿದ ನೀರುಕಾಗೆ ಮೇಲೆ ಬಂದು, ಎರಡೂ ರೆಕ್ಕೆಗಳನ್ನು ಹರವಿ ಬಿಸಿಲಿಗೊಡ್ಡಿ ಬಹಳ ಹೊತ್ತು ಕದಲದೆ ಕೂತಿರುತ್ತದೆ. ಮಿಂಚುಳ್ಳಿ ಹಾಗಲ್ಲ, ಕೊಂಬೆಯಿಂದ ನೇರವಾಗಿ ನೀರಿಗೆ ಬಿದ್ದು, ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು ಅದೇ ಕೊಂಬೆಗೆ ಮರಳಿ, ಮೀನನ್ನು ಅಲ್ಲಿಯೇ ಬಡಿಬಡಿದು ನುಂಗುತ್ತದೆ. ಇದನ್ನು ಕಾಣಬೇಕಾದರೆ ಮೊಬೈಲನ್ನು ಕಿಸೆಯಲ್ಲಿಟ್ಟು, ನಡಿಗೆಯ ವೇಗವನ್ನು ಸ್ವಲ್ಪ ತಗ್ಗಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಹೋಗುವವರು ಪಾಚಿಗಟ್ಟಿದ ಕಲ್ಲುಗಳ ಮೇಲೆ ಕಾಲಿಡುವಾಗ ಎಚ್ಚರ ವಹಿಸಬೇಕು. ಹಿರಿಯರನ್ನು ಕರೆದೊಯ್ಯುವುದಾದರೆ ಮಳೆ ಬಿಟ್ಟ ದಿನವನ್ನು ಆರಿಸಿಕೊಳ್ಳುವುದೇ ಲೇಸು. ರಜೆಯ ದಿನಗಳ ಸಂಜೆ ಮಕ್ಕಳಿಗೆ ಹಿತವಾಗಬಹುದು, ಆದರೆ ಶಾಂತವಾಗಿ ನಡೆಯಬಯಸುವವರಿಗೆ ಬೆಳಗಿನ ಹೊತ್ತೇ ಸರಿ.

ಮಣ್ಣಪಳ್ಳವನ್ನು ಕೇವಲ ಉದ್ಯಾನವೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಈ ಗುಡ್ಡದ ಮೇಲೆ ಒಂದು ಪಟ್ಟಣವೇ ಬೆಳೆದು ನಿಂತಿದೆ. ಬಹುಮಹಡಿ ಕಟ್ಟಡಗಳೂ ಡಾಂಬರು ರಸ್ತೆಗಳೂ ಹೆಚ್ಚಿದಂತೆಲ್ಲ ಮಳೆನೀರು ನೆಲಕ್ಕಿಳಿಯುವ ಜಾಗ ಕಡಿಮೆಯಾಗಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಗೆ ನೀರಿಲ್ಲವೆಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲ ನೀರನ್ನು ಎಷ್ಟು ಬೇಗ ಕುಡಿಯುತ್ತದೆಯೋ ಅಷ್ಟೇ ಬೇಗ ಇಳಿಜಾರಿನತ್ತ ಬಿಟ್ಟುಕೊಡುತ್ತದೆ, ನದಿಗಳೂ ಸ್ವಲ್ಪ ದೂರದಲ್ಲಿಯೇ ಕಡಲು ಸೇರುತ್ತವೆ. ಉಡುಪಿ ನಗರ ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. 2019ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಸೇರಿದಾಗ ಇಡೀ ನಗರ ಟ್ಯಾಂಕರಿಗೆ ಕಾದು ನಿಂತದ್ದನ್ನು ಇಲ್ಲಿನವರು ಮರೆತಿರಲಾರರು. ಎತ್ತರದ ಈ ನೆಲದಲ್ಲಿ ಮಳೆನೀರನ್ನು ಹಿಡಿದಿಟ್ಟು ಮೆಲ್ಲನೆ ಒಳಗಿಳಿಸುವ ಕೆರೆಯೊಂದು ಉಳಿದಿರುವುದರ ಬೆಲೆ ಅಂಥ ಬೇಸಿಗೆಯಲ್ಲಿ ಅರ್ಥವಾಗುತ್ತದೆ.

ಆದ್ದರಿಂದಲೇ ಕೆಲವು ಸಂಗತಿಗಳು ಮನಸ್ಸಿಗೆ ಬೇಸರ ತರುತ್ತವೆ. ಕುರುಕಲು ತಿಂಡಿಯ ಪೊಟ್ಟಣಗಳನ್ನೂ ಪ್ಲಾಸ್ಟಿಕ್ ಬಾಟಲಿಗಳನ್ನೂ ದಂಡೆಯಲ್ಲೇ ಬಿಟ್ಟುಹೋಗುವವರು ಇನ್ನೂ ಇದ್ದಾರೆ. ಮೊದಲ ಜೋರು ಮಳೆಗೆ ಅವೆಲ್ಲ ನೀರು ಸೇರುತ್ತವೆ. ಅಭಿವೃದ್ಧಿಯೆಂದರೆ ಇನ್ನಷ್ಟು ಕಾಂಕ್ರೀಟ್, ಇನ್ನಷ್ಟು ಬಣ್ಣದ ದೀಪ ಎಂಬ ಭಾವನೆಯೂ ನಮ್ಮಲ್ಲಿ ಬಲವಾಗಿದೆ. ಆಳವಿಲ್ಲದ ನೀರಿನಲ್ಲಿ ನಿಂತು ಬೇಟೆಯಾಡುವ ಕೊಕ್ಕರೆಗೆ ಬೇಕಾದದ್ದು ಇಳಿಜಾರಾದ ಮಣ್ಣಿನ ದಂಡೆ, ನೆಟ್ಟಗೆ ಕಟ್ಟಿದ ಗೋಡೆಯಲ್ಲ. ಹೂಳೆತ್ತುವುದು, ನೀರು ಹರಿದುಬರುವ ತೋಡುಗಳನ್ನು ಚೊಕ್ಕಟವಾಗಿಡುವುದು, ಕೊಳಚೆ ನೀರು ಸೇರದಂತೆ ಕಾಯುವುದು ಫೋಟೋಗಳಲ್ಲಿ ಕಾಣುವ ಕೆಲಸಗಳಲ್ಲದಿದ್ದರೂ ಹಣ ಮೊದಲು ಹೋಗಬೇಕಾದದ್ದು ಅವುಗಳಿಗೇ.

ಇನ್ನೊಂದು ಸಣ್ಣ ಏರ್ಪಾಡನ್ನೂ ನಾನು ಬಯಸುತ್ತೇನೆ. ಏಪ್ರಿಲ್, ಮೇ ಬಂತೆಂದರೆ ಬಜೆ ಮತ್ತು ಮಂಗಳೂರಿಗೆ ನೀರುಣಿಸುವ ತುಂಬೆ ಅಣೆಕಟ್ಟುಗಳ ನೀರಿನ ಮಟ್ಟ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಮಣ್ಣಪಳ್ಳದ ದಂಡೆಯಲ್ಲಿಯೂ ಎಲ್ಲರಿಗೂ ಕಾಣುವಂತೆ ಅಡಿಗಳನ್ನು ಗುರುತು ಮಾಡಿದ ಒಂದು ಕಂಬವನ್ನು ನೆಟ್ಟು, ಪಕ್ಕದ ಫಲಕದಲ್ಲಿ ಹಿಂದಿನ ವರ್ಷ ಅದೇ ತಿಂಗಳಲ್ಲಿದ್ದ ಮಟ್ಟವನ್ನು ಬರೆದಿಟ್ಟರೆ, ದಿನವೂ ಸುತ್ತು ಹಾಕುವವರೇ ಕೆರೆಯ ಲೆಕ್ಕ ಇಡತೊಡಗುತ್ತಾರೆ. ಅದಕ್ಕೆ ದೊಡ್ಡ ಖರ್ಚೇನೂ ಬೇಡ. ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿ ಮುಗಿಸಬಹುದು.