ಸಂಗೀತ ಕೇಳಿ ಚಿತ್ರ: ಕ್ರೇಯಾನಾ, ನೀರಿನ ಬಣ್ಣಾನಾ?

ದಾವಣಗೆರೆಯ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಂಗೀತ ಕೇಳಿಸಿ ಅಮೂರ್ತ ಚಿತ್ರ (ವಸ್ತುಗಳಲ್ಲ, ಬರೀ ಬಣ್ಣ, ಗೀಟು, ಆಕಾರ) ಬರೆಸಬೇಕು ಅಂತಿದ್ದೀರಾ? ಮಾತಿರುವ ಹಾಡು ಬೇಡ, ಮಕ್ಕಳು ಪದಕ್ಕೇ ಚಿತ್ರ ಬರೆದುಬಿಡುತ್ತಾರೆ.

ಡೊಳ್ಳು ಹಾಕುವುದಾದರೆ ಕ್ರೇಯಾನ್ ಒಳ್ಳೆಯದು. ಪೆಟ್ಟಿಗೊಂದು ಚುಕ್ಕೆ, ಲಯ ಜೋರಾದರೆ ಗೀಟೂ ದಪ್ಪ. ಬ್ರಷ್ ಅದ್ದಲು ನಿಲ್ಲಬೇಕಿಲ್ಲ, ಕೈ ತಾಳದ ಜೊತೆಗೇ ಓಡುತ್ತದೆ. ಐದಾರು ವರ್ಷದವರಿಗೆ ನನ್ನ ಓಟು ಇದಕ್ಕೇ.

ಕೊಳಲಿಗೆ, ಆಲಾಪಕ್ಕೆ ನೀರಿನ ಬಣ್ಣವೇ ಚೆಂದ. ಒದ್ದೆ ಹಾಳೆಯಲ್ಲಿ ನೀಲಿ ಹರಿದು ಹಳದಿಗೆ ಸೇರಿ ಹಸಿರಾಗುವುದು, ಒಂದು ಸ್ವರ ಇನ್ನೊಂದಕ್ಕೆ ಜಾರಿದ ಹಾಗೇ ಇರುತ್ತದೆ. ಆದರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ಹಾಳೆ ಬೇಗ ಒಣಗುತ್ತದೆ. ಬೆಳಿಗ್ಗೆಯೇ ಕೂರಿಸಿ, ಫ್ಯಾನ್ ಆರಿಸಿ, ದಪ್ಪ ಡ್ರಾಯಿಂಗ್ ಹಾಳೆ ಕೊಡಿ. ನೋಟ್‌ಬುಕ್ ಹಾಳೆ ಸುಕ್ಕಾಗುತ್ತದೆ.

ಎರಡೂ ಬೇಕಾ? ಮೊದಲು ಮೇಣದ ಕ್ರೇಯಾನ್ ಗೀಟು, ಮೇಲೆ ನೀರಿನ ಬಣ್ಣ. ಮೇಣಕ್ಕೆ ನೀರು ಅಂಟಲ್ಲ, ಗೀಟು ಹಾಗೇ ಉಳಿಯುತ್ತದೆ.

ರಷ್ಯಾದ ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿ 1911ರಲ್ಲಿ ಜರ್ಮನಿಯ ಮ್ಯೂನಿಕ್‌ನ ಒಂದು ಸಂಗೀತ ಕಛೇರಿ ಕೇಳಿ ಬಂದು ಬರೆದ ಚಿತ್ರದಲ್ಲಿ ಹಳದಿಯೇ ಜಾಸ್ತಿ, ಪಿಯಾನೋ ಬರೀ ಕಪ್ಪು ಆಕಾರ. ಹಾಗಾಗಿ ‘ಇದೇನು?’ ಅಂತ ಮಕ್ಕಳನ್ನು ಕೇಳಬೇಡಿ. ‘ಜೋರು ಸದ್ದು ಎಲ್ಲಿದೆ ತೋರಿಸು’ ಅನ್ನಿ.