ರೋಬೋ ಸಾಕರ್‌ಗೆ ಮೆಕಾನಮ್ ಗಾಲಿ ತರಿಸುವ ಮುಂಚೆ ಇದನ್ನು ಓದಿ

ಕಾಲೇಜು ಫೆಸ್ಟ್‌ನ ರೋಬೋ ಸಾಕರ್‌ಗೆ, ಅಂದರೆ ರೋಬೋಗಳು ಚೆಂಡು ತಳ್ಳಿ ಗೋಲು ಹೊಡೆಯುವ ಆಟಕ್ಕೆ, ರೋಬೋ ಕಟ್ಟುತ್ತಿರುವವರೇ, ಬೆಳಗಾವಿಯ ನಮ್ಮ ತಂಡಕ್ಕೆ ಆದದ್ದು ನಿಮಗೆ ಆಗಬಾರದು.

ಒಂದು ಆನ್‌ಲೈನ್ ಅಂಗಡಿಯಿಂದ ನಾಲ್ಕು ಮೆಕಾನಮ್ ಗಾಲಿಯ (ರೋಬೋ ತಿರುಗದೆಯೇ ಅಡ್ಡಕ್ಕೂ ಸಾಗುವಂತೆ ಮಾಡುವ ಗಾಲಿ) ಸೆಟ್ ತರಿಸಿದೆವು. ಫೋನಿನಲ್ಲಿ ಕೇಳಿದರೆ, "ಸಾಕರ್‌ಗೆ ಇದೇ ಬೆಸ್ಟ್ ರೀ, ಅಡ್ಡಕ್ಕೂ ಓಡುತ್ತೆ" ಅಂದರು. ಬಂದದ್ದು ನಾಲ್ಕೂ ಒಂದೇ ಬದಿಯ ಗಾಲಿ! ಇವುಗಳ ಸುತ್ತ ಸಣ್ಣ ರೋಲರ್‌ಗಳು 45 ಡಿಗ್ರಿ ಓರೆಯಾಗಿರುತ್ತವೆ. ಎರಡು ಗಾಲಿಯಲ್ಲಿ ಎಡಕ್ಕೆ ಓರೆ, ಇನ್ನೆರಡರಲ್ಲಿ ಬಲಕ್ಕೆ. ಜೋಡಿಸಿ ಮೇಲಿನಿಂದ ನೋಡಿದರೆ ಗುಣಾಕಾರದ ಗುರುತಿನ ಹಾಗೆ ಕಾಣಬೇಕು. ನಾಲ್ಕೂ ಒಂದೇ ಆದರೆ, ಮುಂದೆ ಹೋಗು ಅಂದರೂ ರೋಬೋ ಓರೆಗೆ ಹೋಗುತ್ತದೆ. ವಾಪಸ್ ತಗೊಳ್ಳಿ ಅಂದರೆ, ಪ್ಯಾಕೆಟ್ ಒಡೆದಿದ್ದೀರಿ, ಆಗಲ್ಲ ಅಂದರು. ಒಡೆಯದೆ ನೋಡುವುದಾದರೂ ಹೇಗೆ? ಬೇರೆ ಕಡೆ ಮತ್ತೆ ದುಡ್ಡು ಸುರಿದೆವು.

ಸರಿಯಾದ ಜೋಡಿ ಹಾಕಿದ ಮೇಲೂ ಗೋಳು ತಪ್ಪಲಿಲ್ಲ. ಸಾಕರ್ ಅಂದರೆ ತಳ್ಳಾಟ ಅಲ್ವಾ? ರೋಲರ್ ತನ್ನ ಅಚ್ಚಿನ ದಿಕ್ಕಿಗೆ ಮಾತ್ರ ನೆಲ ಹಿಡಿಯುತ್ತದೆ, ಅದರ ಅಡ್ಡಕ್ಕೆ ಉರುಳಿಬಿಡುತ್ತದೆ. ಹಾಗಾಗಿ ತೂಕ, ರಬ್ಬರ್ ಎಲ್ಲಾ ಒಂದೇ ಇದ್ದರೂ, ಸಾದಾ ಗಾಲಿ ತಳ್ಳುವ ಬಲದಲ್ಲಿ ಸುಮಾರು ಶೇಕಡ 70ರಷ್ಟೇ ಮೆಕಾನಮ್‌ಗೆ ಸಿಗುತ್ತದೆ. ಅಗ್ಗದ ಸೆಟ್‌ನ ರೋಲರ್ ಗಟ್ಟಿ, ಇನ್ನೂ ಜಾಸ್ತಿ ಜಾರುತ್ತದೆ. ಅಂಕಣದ ಪ್ಲೈವುಡ್ ಹಲಗೆಗಳ ಸಂದಿನಲ್ಲಿ ಒಂದು ಗಾಲಿ ಎದ್ದರೂ ರೋಬೋ ದಾರಿ ಬಿಡುತ್ತದೆ. ಎದುರಿನವರದು ಸಾದಾ ರಬ್ಬರ್ ಗಾಲಿ. ಚೆಂಡಿನ ಸಮೇತ ನಮ್ಮನ್ನು ಮೂಲೆಗೆ ಒತ್ತಿಕೊಂಡು ಹೋದರು. ಹುಡುಗರು ರಾತ್ರಿ ನಿದ್ದೆಗೆಟ್ಟು ಮಾಡಿದ್ದ ರೋಬೋ ಅದು. ಬಹಳ ನೋವಾಯಿತು.

ಸೆಟ್ ಜೊತೆ ಕೊಟ್ಟಿದ್ದ ಎಲ್298ಎನ್ ಡ್ರೈವರ್ (ಮೋಟರಿಗೆ ಕರೆಂಟ್ ಕೊಟ್ಟು ಓಡಿಸುವ ಬೋರ್ಡ್) ಕೂಡ ಬಿಸಿಯಾಗಿ ನಿಂತಿತು. ಅದು ಒಂದು ಮೋಟರಿಗೆ 2 ಆಂಪಿಯರ್ ತಡೆಯುವಂಥದ್ದು. ತಳ್ಳಾಟದಲ್ಲಿ ಗಾಲಿ ಸಿಕ್ಕಿಕೊಂಡಾಗ ಗೇರ್ ಮೋಟರ್ ಅದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಎಳೆಯುತ್ತದೆ.

ತಳ್ಳುವ ಆಟಕ್ಕೆ ಮೆತ್ತನೆ ರಬ್ಬರಿನ ನಾಲ್ಕು ಗಾಲಿ, ಎಡದವೆರಡು ಒಟ್ಟಿಗೆ, ಬಲದವೆರಡು ಒಟ್ಟಿಗೆ ಓಡುವ ಟ್ಯಾಂಕ್ ಡ್ರೈವ್ ಸಾಕು. ಹಿಂದಿನ, ಮುಂದಿನ ಗಾಲಿಗಳ ಅಂತರ ರೋಬೋದ ಅಗಲಕ್ಕಿಂತ ಕಡಿಮೆ ಇಡಿ, ಇಲ್ಲದಿದ್ದರೆ ತಿರುಗುವಾಗ ಒದ್ದಾಡುತ್ತದೆ. ಉದ್ದ ಬೇಕೇ ಬೇಕಾದರೆ ಆರು ಗಾಲಿ ಹಾಕಿ, ನಡುವಿನ ಜೋಡಿಯನ್ನು 2-3 ಮಿ.ಮೀ. ಕೆಳಗಿಡಿ. ಗಾಲಿಯನ್ನು ಮೋಟರ್ ಶಾಫ್ಟಿಗೆ ಕೂಡಿಸುವ ಹಬ್ ಹೊಂದುವಂಥದ್ದು ಸಿಗದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇತ್ ಅಂಗಡಿಗಳಲ್ಲಿ ಮಾಡಿಸಿಕೊಳ್ಳಬಹುದು.

ಸಪಾಟು ನೆಲದಲ್ಲಿ ವಸ್ತು ಎತ್ತಿಡುವ ಸ್ಪರ್ಧೆಗೆ ಮೆಕಾನಮ್ ನಿಜಕ್ಕೂ ಚೆನ್ನ. ಅದಕ್ಕೆ ಕೊಳ್ಳುವುದಾದರೆ, ನಾಲ್ಕೂ ಗಾಲಿ ಸಾಲಾಗಿಟ್ಟ ಫೋಟೋ ಮೊದಲು ತರಿಸಿಕೊಳ್ಳಿ. ರೋಲರ್ ಓರೆ ಎಣಿಸಿ ನೋಡಿ, ಆಮೇಲೆ ದುಡ್ಡು ಹಾಕಿ. ಪ್ಯಾಕೆಟ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ.