ಮಕ್ಕಳ ಜೀವನಾಂಶದ ಬಾಕಿ ವಸೂಲಿ: ದಾವಣಗೆರೆಯಲ್ಲಿ ಉಚಿತ ಕಾನೂನು ಸೇವೆ ಎಷ್ಟು ಉಪಯೋಗ?

ಕೋರ್ಟಿನ ಆದೇಶ ಕೈಯಲ್ಲಿದೆ, ದುಡ್ಡು ಮಾತ್ರ ಬರುತ್ತಿಲ್ಲ. ಈ ಸ್ಥಿತಿಯಲ್ಲಿರುವ ತಾಯಂದಿರು ಮೊದಲು ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಹರಿಹರ, ಚನ್ನಗಿರಿ, ಹೊನ್ನಾಳಿ ಕಡೆಯವರು ತಮ್ಮ ತಾಲ್ಲೂಕು ಸಮಿತಿಯಲ್ಲೇ ಅರ್ಜಿ ಕೊಡಬಹುದು. ವಕೀಲರ ಫೀಸು ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯೇ ಇಲ್ಲ, ಹಾಗಾಗಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯಬೇಡಿ. ಅನುಮಾನವಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ.

ಸೇವೆ ಒಳ್ಳೆಯದೇ. ಆದರೆ ಎದುರಾಳಿ ಎಲ್ಲಿದ್ದಾನೆ, ಅವನ ಹತ್ತಿರ ಏನಿದೆ ಎಂದು ವಕೀಲರು ಹುಡುಕಿಕೊಡುವುದಿಲ್ಲ, ಅದು ನಿಮ್ಮದೇ ಕೆಲಸ. ಆದೇಶದ ದೃಢೀಕೃತ ನಕಲು, ಆಧಾರ್, ಪಾಸ್‌ಬುಕ್ಕಿನ ಎಂಟ್ರಿಗಳು, ಯಾವ ತಿಂಗಳು ಎಷ್ಟು ಬಂತು ಎಷ್ಟು ಬಾಕಿ ಎಂಬ ಪಟ್ಟಿ, ಇಷ್ಟು ತಯಾರಿರಲಿ. ಅವನ ಹೆಸರಲ್ಲಿ ಜಮೀನಿದ್ದರೆ ಪಹಣಿ, ಬೈಕ್ ಇದ್ದರೆ ನಂಬರು, ನೌಕರಿಯಿದ್ದರೆ ಸಂಬಳ ಕೊಡುವ ಕಚೇರಿಯ ಪೂರ್ತಿ ವಿಳಾಸ ಬರೆದುಕೊಂಡು ಹೋಗಿ.

ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಅವಧಿಯ ವಿಷಯದಲ್ಲಿ. ಹಿಂದಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125, ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಮಿನಲ್ಲಿ ಬಾಕಿ ವಸೂಲಿಯ ವಾರಂಟ್ ಬೇಕಾದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಂಗಳಿಗೆ 4,000ದಂತೆ 14 ತಿಂಗಳು ಬಾಕಿಯಿದ್ದು ಇವತ್ತು ಹೋದರೆ 48,000ಕ್ಕೆ ಮಾತ್ರ ವಾರಂಟ್ ಸಿಗುತ್ತದೆ, 8,000 ಈ ದಾರಿಯಲ್ಲಿ ಕೈತಪ್ಪಿದಂತೆ. "ಹಬ್ಬ ಮುಗಿಯಲಿ ಕೊಡ್ತೀನಿ" ಎಂಬ ಮಾತಿಗೆ ಕಾಯುತ್ತಾ ಕೂತವರಿಗೆ ಆಗುವ ನಷ್ಟ ಇದು. ಒಮ್ಮೆ ಅರ್ಜಿ ಹಾಕಿದರೆ ಆಮೇಲಿನ ಬಾಕಿಯನ್ನು ಅದರಲ್ಲೇ ಸೇರಿಸಿ ಕೇಳಬಹುದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಕೋರ್ಟು ದಂಡ ವಸೂಲಿ ಮಾಡುವ ರೀತಿಯಲ್ಲೇ ವಾರಂಟ್ ಹೊರಡಿಸುತ್ತದೆ. ಚರಾಸ್ತಿ ಜಪ್ತಿ ಮಾಡಬಹುದು, ಇಲ್ಲವೇ ಜಿಲ್ಲಾಧಿಕಾರಿ ಮೂಲಕ ಕಂದಾಯ ಬಾಕಿಯಂತೆ ಜಮೀನಿನಿಂದ ವಸೂಲು ಮಾಡಿಸಬಹುದು. ಚನ್ನಗಿರಿ ಕಡೆ ಅಡಿಕೆ ತೋಟವಿರುವವನಿಗೆ ಈ ಎರಡನೆಯದೇ ಸರಿ, ನಿಮ್ಮ ವಕೀಲರಿಗೆ ಒತ್ತಿ ಹೇಳಿ. ಸಂಬಳದವನಾದರೆ ಆದೇಶವನ್ನು ಸಿವಿಲ್ ಡಿಕ್ರಿಯಂತೆ (ಸಿವಿಲ್ ಕೋರ್ಟಿನ ತೀರ್ಪಿನಂತೆ) ಜಾರಿ ಮಾಡಿಸಿ ಸಂಬಳ ಜಪ್ತಿ ಕೇಳಬಹುದು. ಜೀವನಾಂಶದ ಬಾಕಿಗೆ ಸಂಬಳದ ಮೂರರಲ್ಲಿ ಎರಡು ಪಾಲಿನವರೆಗೂ ಹಿಡಿಯಲು ಅವಕಾಶವಿದೆ. ಇದ್ಯಾವುದಕ್ಕೂ ಬಗ್ಗದೆ, ಸರಿಯಾದ ಕಾರಣವೂ ಇಲ್ಲದೆ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ, 1989ರಿಂದಲೂ ಕಾನೂನು ಹೀಗೇ ಇದೆ.

ವಾರಂಟ್ "ಆಸಾಮಿ ಸಿಗಲಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬರುವುದು ಬಹಳ ಸಾಮಾನ್ಯ, ಹೆಚ್ಚಾಗಿ ವಿಳಾಸ ಹಳೆಯದಾಗಿರುತ್ತದೆ. ಬೆಂಗಳೂರಿಗೆ ಹೋಗಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೂ ಇದೇ ಆದೇಶ ಜಾರಿ ಮಾಡಿಸಬಹುದು. ವಾಯಿದೆ ತಪ್ಪಿಸಬೇಡಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ (ಸಿಎನ್‌ಆರ್) ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಕೋರ್ಟಿನ ಹೊರಗೆ ರಾಜಿ ಮಾತಾಡಿ ಸ್ವಲ್ಪ ದುಡ್ಡು ಕೊಡಲು ಬಂದರೆ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪೂರ್ತಿ ಬಾಕಿ ಖಾತೆಗೆ ಬೀಳುವವರೆಗೆ ಅರ್ಜಿ ವಾಪಸ್ ಪಡೆಯುವ ಕಾಗದಕ್ಕೆ ಸಹಿ ಹಾಕಬೇಡಿ.